ಮಾನದ ಮಾತು ಬಿಡಿ, ಒಪ್ಪಂದ ಓದಿ

ಕಳೆದ ತಿಂಗಳು ಅಂಕೋಲೆಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಒಂದು ಸಭೆ ಸೇರಿತ್ತು. ಅಕ್ಕನ ಮಗಳಿಗೆ ಬೆಂಗಳೂರಿನ ಕಂಪನಿಯೊಂದರಿಂದ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಕೆಲಸಕ್ಕೆ ಕರೆ ಬಂದಿತ್ತು. ಅಮೆರಿಕದ ವೈದ್ಯರು ರೋಗಿಯನ್ನು ನೋಡಿ ಬಾಯಲ್ಲಿ ಹೇಳುವುದನ್ನು ಹೆಡ್‌ಫೋನಿನಲ್ಲಿ ಕೇಳಿ, ತಪ್ಪಿಲ್ಲದೆ ಟೈಪ್ ಮಾಡಿ ಕಳಿಸುವ ಕೆಲಸ. ಹುಡುಗಿ ಬಿ.ಎಸ್ಸಿ. ಮುಗಿಸಿ ಒಂದು ವರ್ಷವಾಗಿದೆ. ಸಭೆಗೆ ದೊಡ್ಡ ಚಾಚಾ ಬಂದಿದ್ದರು, ಕಾರವಾರದಿಂದ ಮಾಮು ಬಂದಿದ್ದರು, ದುಬೈಯಿಂದ ರಜೆಯ ಮೇಲೆ ಬಂದಿದ್ದ ಅವಳ ಅಣ್ಣನೂ ಇದ್ದ. ಎರಡು ಗಂಟೆ ಮಾತಾಯಿತು. ಹಾಸ್ಟೆಲ್ ಎಂಥದ್ದು? ಜೊತೆಗೆ ಇರುವವರು ಯಾರು? ರಾತ್ರಿ ಗಾಡಿ ಓಡಿಸುವವನು ಯಾರು? ಬುರ್ಖಾ ಹಾಕಲು ಬಿಡುತ್ತಾರೋ ಇಲ್ಲವೋ? ನಾಳೆ ಸಂಬಂಧ ಕೇಳಿಕೊಂಡು ಬಂದವರಿಗೆ ಏನೆಂದು ಹೇಳುವುದು? ಎಲ್ಲವನ್ನೂ ಕೇಳಿದರು. ಆ ಕೆಲಸ ಎಂಥದ್ದು ಎಂದು ಮಾತ್ರ ಯಾರೂ ಕೇಳಲಿಲ್ಲ.

ಹುಡುಗಿ ಒಳಗೆ ಚಹಾ ಸೋಸುತ್ತಿದ್ದಳು. ಕಂಪನಿಯ ಪತ್ರ ಹಿರಿಯರ ಮುಂದೆಯೇ, ಬಿಸ್ಕತ್ತಿನ ತಟ್ಟೆಯ ಕೆಳಗೆ ಬಿದ್ದಿತ್ತು. ನಾಲ್ಕು ಪುಟದ ಆ ಪತ್ರವನ್ನು ಅಲ್ಲಿದ್ದ ಒಬ್ಬರೂ ಓದಿರಲಿಲ್ಲ.

ನನಗೆ ಸಿಟ್ಟು ಬಂದದ್ದು ಅಲ್ಲಿ. ಏಕೆಂದರೆ ಇದೇ ಸಭೆ 2004ರಲ್ಲಿ ನನಗಾಗಿಯೂ ನಡೆದಿತ್ತು. ಆಗಲೂ ನಾನು ಒಳಗಿದ್ದೆ.

ಆ ಕಾಲದಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಎಂಬ ಹೆಸರಿಗೆ ಎಂಥ ಮೋಡಿಯಿತ್ತೆಂದು ಈಗಿನ ಹುಡುಗಿಯರಿಗೆ ಹೇಳಿದರೆ ನಂಬಲಿಕ್ಕಿಲ್ಲ. ಇಂಜಿನಿಯರಿಂಗ್ ಬೇಡ, ಡಾಕ್ಟರಿಕೆ ಬೇಡ, ಯಾವುದೇ ಪದವಿ ಇದ್ದರೆ ಸಾಕು. ಆರು ತಿಂಗಳ ತರಬೇತಿ, ಆಮೇಲೆ ಹವಾನಿಯಂತ್ರಿತ ಕಚೇರಿ. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ, ದಿನಪತ್ರಿಕೆಯ ಒಳಗೆ ಮಡಚಿಟ್ಟ ಹಳದಿ ಕಾಗದದ ಮೇಲೆ, ಎಲ್ಲಿ ನೋಡಿದರೂ ತರಬೇತಿ ಕೇಂದ್ರಗಳ ಜಾಹೀರಾತು. ನಾನು ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಕಷ್ಟವಿತ್ತು. ಆದರೆ ಕಿವಿ ಚುರುಕಾಗಿತ್ತು. ಮನೆಯಲ್ಲಿ ದಖನಿ, ಓಣಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಹಾಲಕ್ಕಿ ಗೌಡ್ತಿಯರ ಮಾತು ಕೇಳಿ ಬೆಳೆದ ಕಿವಿಗೆ ಟೆಕ್ಸಾಸಿನ ಡಾಕ್ಟರನ ಉಚ್ಚಾರಣೆ ಎಷ್ಟು ದಿನದ ಮಾತು? ಪ್ರವೇಶ ಪರೀಕ್ಷೆ ಬರೆದೆ, ಪಾಸಾದೆ. ಸಭೆ ಸೇರಿತು. ‘ಹೆಣ್ಣುಮಗಳು ರಾತ್ರಿ ದುಡಿಯುವುದು ನಮ್ಮ ಖಾನ್‌ದಾನಿನಲ್ಲಿ ಇಲ್ಲ’ ಎಂದು ತೀರ್ಪಾಯಿತು.

ಅದೇ ವರ್ಷ ನನ್ನ ತಮ್ಮ ಗಲ್ಫಿಗೆ ಹೋದ. ಅಮ್ಮಿಯ ಬಳೆ ಮಾರಿ ವೀಸಾದ ಹಣ ಹೊಂದಿಸಿದರು. ಅವನು ಎಲ್ಲಿ ಮಲಗುತ್ತಾನೆ, ಒಂದು ಕೋಣೆಯಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಗಂಟೆ ದುಡಿಸುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಅಲ್ಲಿ ಇಳಿದ ಮರುದಿನವೇ ಅವನ ಪಾಸ್‌ಪೋರ್ಟನ್ನು ಮಾಲಿಕ ಇಟ್ಟುಕೊಂಡನೆಂದು ನಮಗೆ ಗೊತ್ತಾದದ್ದು ಮೂರು ವರ್ಷದ ಮೇಲೆ. ಮಗನ ವಿಷಯದಲ್ಲಿ ಯಾವ ಪ್ರಶ್ನೆಯೂ ಏಳಲಿಲ್ಲ. ಮಗಳ ವಿಷಯದಲ್ಲಿ ಎದ್ದ ಪ್ರಶ್ನೆಗಳಲ್ಲಿ ಒಂದೂ ಕೆಲಸಕ್ಕೆ ಸಂಬಂಧಿಸಿದ್ದಲ್ಲ. ಎರಡೂ ಒಂದೇ ರೋಗ. ದುಡಿಮೆಗೆ ಕಳಿಸುವಾಗ ದುಡಿಮೆಯ ಬಗ್ಗೆ ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಇಲ್ಲವೇ ಇಲ್ಲ.

ಈಗ ಚಾಚಾ ನನ್ನತ್ತ ತಿರುಗಿ ಹೇಳಿದ್ದು ಇದು: ‘ನೋಡಮ್ಮ, ಅಂದು ನಿನ್ನನ್ನು ತಡೆದಿದ್ದೆವು. ಆ ಕೆಲಸವೆಲ್ಲ ಈಗ ಯಂತ್ರದ ಪಾಲಾಯಿತಂತೆ. ನಾವು ಹೇಳಿದ್ದೇ ಸರಿಯಾಗಲಿಲ್ಲವೆ?’

ಚಾಚಾ ಅವರಿಗೆ ಅಂದು ಸಭೆಯಲ್ಲಿ ಉತ್ತರ ಕೊಡಲಿಲ್ಲ, ವಯಸ್ಸಿಗೆ ಮರ್ಯಾದೆ. ಇಲ್ಲಿ ಕೊಡುತ್ತೇನೆ. ಇಲ್ಲ ಚಾಚಾ, ನೀವು ಹೇಳಿದ್ದು ಸರಿಯಾಗಲಿಲ್ಲ. ಆ ಕಸುಬು ಕುಸಿಯುತ್ತದೆಂದು ನೀವು ಹೇಳಿರಲಿಲ್ಲ. ನಿಮಗೆ ಅದರ ಹೆಸರೂ ಗೊತ್ತಿರಲಿಲ್ಲ. ನೀವು ಹೆದರಿದ್ದು ನಾಲ್ಕು ಜನರ ಬಾಯಿಗೆ. ಆ ಭಯಕ್ಕೆ ಇಪ್ಪತ್ತು ವರ್ಷದ ನಂತರ ಒಂದು ಕಾರಣ ಸಿಕ್ಕಿದೆ, ಅಷ್ಟೆ.

ಕಸುಬು ಹೇಗೆ ಕುಸಿಯಿತೆಂದು ಹಿರಿಯರೂ ತಿಳಿಯಬೇಕು, ಹೋಗಲು ಹೊರಟವರೂ ತಿಳಿಯಬೇಕು. 1990ರ ದಶಕದಲ್ಲಿ ಈ ಕೆಲಸ ಬೆಂಗಳೂರಿಗೆ ಬಂದದ್ದು ಗಡಿಯಾರದ ಲೆಕ್ಕದಿಂದ. ನ್ಯೂಯಾರ್ಕಿಗಿಂತ ನಾವು ಒಂಬತ್ತೂವರೆ, ಹತ್ತೂವರೆ ತಾಸು ಮುಂದೆ. ಅಲ್ಲಿಯ ಡಾಕ್ಟರು ಸಂಜೆ ಹೇಳಿ ಮನೆಗೆ ಹೋದರೆ ನಮ್ಮಲ್ಲಿ ಬೆಳಗಾಗುತ್ತದೆ. ನಮ್ಮವರು ಹಗಲಲ್ಲಿ ಟೈಪ್ ಮಾಡಿದರೆ ಮರುದಿನ ಅವರು ಕೆಲಸಕ್ಕೆ ಬರುವಷ್ಟರಲ್ಲಿ ವರದಿ ಸಿದ್ಧ. ನಮ್ಮ ಹಿರಿಯರಿಗೆ ಗೊತ್ತಿರದ ಸಂಗತಿಯೆಂದರೆ, ಈ ಕೆಲಸದ ದೊಡ್ಡ ಪಾಲನ್ನು ಹಗಲಲ್ಲೇ ಮಾಡಬಹುದಿತ್ತು. ತುರ್ತು ವರದಿಗಳಿಗೆ, ಪಾಳಿ ಲೆಕ್ಕದಲ್ಲಿ ಕಂಪ್ಯೂಟರುಗಳನ್ನು ಖಾಲಿ ಬಿಡದೆ ದುಡಿಸುವುದಕ್ಕೆ ರಾತ್ರಿ ಬೇಕಾಯಿತು. ‘ಹಗಲು ಪಾಳಿ ಸಿಗುತ್ತದೆಯೆ?’ ಎಂದು ಒಂದು ಪ್ರಶ್ನೆ ಕೇಳಿದ್ದರೆ 2004ರ ಸಭೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೆಲಸ ಸುಲಭದ್ದಾಗಿರಲಿಲ್ಲ. ಕೂಲಿ ಸಾಲಿನ ಲೆಕ್ಕದಲ್ಲಿ. ಸಾಮಾನ್ಯವಾಗಿ ಒಂದು ಸಾಲೆಂದರೆ ಖಾಲಿ ಜಾಗವೂ ಸೇರಿ 65 ಅಕ್ಷರ. ಇಲಿಯಮ್ ಎಂದು ಕಿವಿಗೆ ಬೀಳುವ ಒಂದೇ ಸದ್ದಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತ. ಒಂದು ಕರುಳಿನ ಭಾಗ, ಇನ್ನೊಂದು ಸೊಂಟದ ಮೂಳೆ. ಹೈಪರ್ ಎಂದದ್ದು ಹೈಪೊ ಎಂದು ಕೇಳಿದರೆ ಏರಿದ ರಕ್ತದೊತ್ತಡ ಇಳಿದದ್ದಾಗುತ್ತದೆ. ಹದಿನೈದು ಮಿಲಿಗ್ರಾಂ ಐವತ್ತಾದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಇದನ್ನು ಟೈಪಿಂಗ್ ಎಂದು ಕರೆದು ಟೈಪಿಂಗಿನ ಕೂಲಿ ಕೊಟ್ಟರು. ಗುಟ್ಟು ಕಾಯುವ ಹೊಣೆಯೂ ಇತ್ತು. ರೋಗಿಯ ಮಾಹಿತಿ ಹೊರಬೀಳಬಾರದೆಂದು ಅಮೆರಿಕದಲ್ಲಿ 1996ರ ಕಾನೂನೇ ಇದೆ. ಆದರೆ ಕೆಲಸ ಅಲ್ಲಿಂದ ಗುತ್ತಿಗೆ, ಒಳಗುತ್ತಿಗೆ, ಅದರೊಳಗೆ ಇನ್ನೊಂದು ಗುತ್ತಿಗೆಯಾಗಿ ಇಳಿಯುತ್ತ ಬರುತ್ತಿತ್ತು. 2003ರಲ್ಲಿ ಕರಾಚಿಯಲ್ಲಿ ಟೈಪ್ ಮಾಡುತ್ತಿದ್ದ ಒಬ್ಬ ಹೆಂಗಸು ತನ್ನ ಕೂಲಿ ಬಾಕಿ ಕೊಡದಿದ್ದರೆ ಸ್ಯಾನ್‌ಫ್ರಾನ್ಸಿಸ್ಕೋ ಆಸ್ಪತ್ರೆಯ ರೋಗಿಗಳ ದಾಖಲೆಗಳನ್ನು ಇಂಟರ್ನೆಟ್ಟಿಗೆ ಹಾಕುವುದಾಗಿ ಬರೆದಳು. ಜಗತ್ತೆಲ್ಲ ಅವಳ ಅಪರಾಧದ ಬಗ್ಗೆ ಮಾತಾಡಿತು. ಅಪರಾಧವೇ, ಸಂಶಯವಿಲ್ಲ. ಆದರೆ ಆ ದಾಖಲೆ ಎಷ್ಟು ಕೈ ದಾಟಿ ಅವಳ ಮೇಜಿಗೆ ಬಂತು, ಪ್ರತಿ ಕೈಯೂ ಸಾಲಿಗೆ ಎಷ್ಟು ಮುರಿದುಕೊಂಡಿತು ಎಂಬ ಮಾತು ಅಷ್ಟಾಗಿ ಬರಲಿಲ್ಲ.

ಆಮೇಲೆ ಯಂತ್ರ ಬಂತು. ಆಸ್ಪತ್ರೆಗಳು ಕಂಪ್ಯೂಟರ್ ದಾಖಲೆಗೆ ಬದಲಾಗಲಿ ಎಂದು ಅಮೆರಿಕ ಸರ್ಕಾರ 2009ರಲ್ಲಿ ಕಾನೂನು ಮಾಡಿ ಹಣ ಸುರಿಯಿತು. ಡಾಕ್ಟರುಗಳು ತಾವೇ ಪರದೆಯ ಮೇಲೆ ಗುರುತು ಹಾಕತೊಡಗಿದರು. ಹೇಳಿದ್ದನ್ನು ಯಂತ್ರವೇ ಬರೆಯತೊಡಗಿತು. ನಮ್ಮ ಹುಡುಗಿಯರು ಯಂತ್ರ ಬರೆದದ್ದನ್ನು ತಿದ್ದುವವರಾದರು. ತಿದ್ದುವ ಸಾಲಿಗೆ ಬರೆಯುವ ಸಾಲಿಗಿಂತ ಕಡಿಮೆ ಕೂಲಿ. ಕಂಪನಿಗಳ ಕಥೆ ಕೇಳಿ: ಬೆಂಗಳೂರಿನಲ್ಲಿ ಮೊದಲು ಹೆಸರು ಮಾಡಿದವುಗಳಲ್ಲಿ ಒಂದಾದ ಹೆಲ್ತ್‌ಸ್ಕ್ರೈಬನ್ನು 2004ರಲ್ಲಿ ಸ್ಫೆರಿಸ್ ಕೊಂಡಿತು. 2010ರಲ್ಲಿ ಸ್ಫೆರಿಸ್ ದಿವಾಳಿ ಅರ್ಜಿ ಹಾಕಿ ಮೆಡ್‌ಕ್ವಿಸ್ಟ್, ಸಿಬೇ ಕಂಪನಿಗಳ ಕೈಗೆ ಹೋಯಿತು. ಅದು ಎಂ‌ಮೋಡಲ್ ಎಂದು ಹೆಸರು ಬದಲಿಸಿಕೊಂಡು 2014ರಲ್ಲಿ ತಾನೂ ದಿವಾಳಿ ಅರ್ಜಿ ಹಾಕಿತು. 2019ರಲ್ಲಿ ಅದರ ತಂತ್ರಜ್ಞಾನವನ್ನು ತ್ರೀಎಂ ಕೊಂಡಿತು. ಮನುಷ್ಯರು ಮಾಡುವ ಭಾಗ ಅಕ್ವಿಟಿ ಎಂಬ ಬೇರೆ ಕಂಪನಿಯಾಗಿ, 2023ರಲ್ಲಿ ಐಕೆಎಸ್ ಹೆಲ್ತ್ ಪಾಲಾಯಿತು. ಕುರ್ಚಿ ಬಿಟ್ಟು ಏಳದವಳಿಗೂ ಇಷ್ಟು ಮಾಲಿಕರು ಬದಲಾದರು. ಇತ್ತ ಮಾತನ್ನು ಅಕ್ಷರ ಮಾಡುವ ಯಂತ್ರ ಕಟ್ಟಿದ ನ್ಯುಯಾನ್ಸ್ ಕಂಪನಿಯನ್ನು ಮೈಕ್ರೋಸಾಫ್ಟ್ ಸುಮಾರು 1970 ಕೋಟಿ ಡಾಲರಿಗೆ ಕೊಂಡು, 2022ರಲ್ಲಿ ವ್ಯವಹಾರ ಮುಗಿಸಿತು. ಬೆಲೆ ಎಲ್ಲಿದೆ, ಎಲ್ಲಿಲ್ಲ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು?

ಹಾಗಾದರೆ ಹೋಗದಿದ್ದದ್ದೇ ಒಳ್ಳೆಯದಾಯಿತೆ? ಇಲ್ಲಿಗೆ ಬಂದಾಗ ನನಗೆ ಕಾರವಾರದ ನನ್ನ ಗೆಳತಿ ನೆನಪಾಗುತ್ತಾಳೆ. ಅದೇ ಪರೀಕ್ಷೆ ಬರೆದವಳು, ಅವಳ ಅಬ್ಬಾ ಹೋಗಲು ಬಿಟ್ಟರು. ಒಂಬತ್ತು ವರ್ಷ ದುಡಿದಳು. ಮಣಿಕಟ್ಟು ನೋವು ಅಂಟಿತು. ಸಾಲಿನ ಕೂಲಿ ಇಳಿಯಿತು, ಕೊನೆಗೆ ಪಾಳಿಯನ್ನೇ ತೆಗೆದುಹಾಕಿದರು. ಆದರೆ ಅಷ್ಟರಲ್ಲಿ ಅವಳು ತಂಗಿಯನ್ನು ನರ್ಸಿಂಗ್ ಓದಿಸಿದ್ದಳು, ಅಬ್ಬಾನ ಸಾಲ ತೀರಿಸಿದ್ದಳು, ತನ್ನ ನಿಕಾಹ್‌ಗೆ ತಾನೇ ಬಾಯಿಬಿಟ್ಟು ‘ಈ ಸಂಬಂಧ ಬೇಡ, ಆ ಸಂಬಂಧ ಆಗಬಹುದು’ ಎಂದು ಹೇಳಿದ್ದಳು. ಅವಳ ಮಾತನ್ನು ಮನೆಯವರು ಕೇಳಿಸಿಕೊಂಡರು, ಕೇಳಿಸಿಕೊಳ್ಳಲೇಬೇಕಾಯಿತು. ಕೆಲಸ ಕಳೆದುಕೊಂಡವಳು ಅವಳು. ನಾನು ಕಳೆದುಕೊಳ್ಳಲು ನನ್ನ ಬಳಿ ಏನೂ ಇರಲಿಲ್ಲ. ಇಬ್ಬರಲ್ಲಿ ಯಾರು ನಷ್ಟದಲ್ಲಿದ್ದಾರೆಂದು ಚಾಚಾ ಅವರೇ ಲೆಕ್ಕ ಹಾಕಲಿ.

ಇನ್ನು ದೀನಿನ ಮಾತು. ಸಭೆಯಲ್ಲಿ ಅದೂ ಬಂತು. ಗಾಯಾಳುಗಳ ಆರೈಕೆಗೆ ಮದೀನಾದ ಮಸೀದಿಯಲ್ಲಿ ಡೇರೆ ಹಾಕಿಕೊಂಡಿದ್ದ ರುಫೈದಾ ಅವರ ಬಗ್ಗೆ ಸೀರಾ ಗ್ರಂಥಗಳು ಹೇಳುತ್ತವೆ. ವ್ಯಾಪಾರದ ಸರಕನ್ನು ಸಿರಿಯಾದವರೆಗೆ ಕಳಿಸುತ್ತಿದ್ದ ಖದೀಜಾ ಅವರ ಬಗ್ಗೆ ನಾವು ಪ್ರತಿ ಮೀಲಾದಿನಲ್ಲೂ ಭಾಷಣ ಕೇಳುತ್ತೇವೆ. ಭಾಷಣ ಮುಗಿದ ಮೇಲೆ ಮನೆಗೆ ಬಂದು ಮಗಳ ಮಾರ್ಕ್ಸ್ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಸುರಕ್ಷತೆಯ ಚಿಂತೆ ಸುಳ್ಳಲ್ಲ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್‌ಸೆಂಟರ್ ಉದ್ಯೋಗಿಯನ್ನು ಗಾಡಿಯ ಚಾಲಕನೇ ಕೊಂದದ್ದನ್ನು ನಾನು ಮರೆತಿಲ್ಲ. ಆದರೆ ಅದಕ್ಕೆ ಉತ್ತರ ಕಂಪನಿಯಿಂದ ವಸೂಲಾಗಬೇಕು: ಗಾಡಿ ಯಾರದು, ಕಾವಲು ಯಾರು, ಮೊದಲು ಹತ್ತುವವಳೂ ಕೊನೆಗೆ ಇಳಿಯುವವಳೂ ಹೆಂಗಸೇ ಆದರೆ ಅವಳ ಜೊತೆ ಯಾರು? ಹೆಂಗಸರನ್ನು ರಾತ್ರಿ ದುಡಿಸಲು ಸರ್ಕಾರ ಕಂಪನಿಗಳಿಗೆ ಅನುಮತಿ ಕೊಟ್ಟದ್ದು ವಾಹನ, ಭದ್ರತೆಗಳ ಷರತ್ತಿನ ಮೇಲೆ. ಆ ಷರತ್ತು ಕೇಳುವುದನ್ನು ಬಿಟ್ಟು ಹುಡುಗಿಯನ್ನೇ ಮನೆಯಲ್ಲಿ ಕೂರಿಸುವುದು ಯಾವ ನ್ಯಾಯ?

ಹಿರಿಯರಿಗೆ ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯವರಿಗೂ ಹೇಳಬೇಕು. ‘ಕಳಿಸಿಬಿಡಿ, ಕಾಲ ಬದಲಾಗಿದೆ’ ಎನ್ನುವ ಓದಿದವರೂ ನಮ್ಮಲ್ಲಿದ್ದಾರೆ. ಅವರೂ ಕಾಗದ ಓದುವುದಿಲ್ಲ. ನಾನು ಬಿಸ್ಕತ್ತಿನ ತಟ್ಟೆ ಸರಿಸಿ ಓದಿದೆ. ಮೊದಲ ಪುಟದಲ್ಲಿ ಅಭಿನಂದನೆ. ಎರಡನೆಯದರಲ್ಲಿ ಆರು ತಿಂಗಳ ತರಬೇತಿ, ತರಬೇತಿಗೆ ಶುಲ್ಕ, ಜೊತೆಗೆ ಠೇವಣಿ. ಮೂರನೆಯದರಲ್ಲಿ ಎರಡು ವರ್ಷ ಬಿಡಬಾರದೆಂಬ ಬಾಂಡ್, ಮೂಲ ಅಂಕಪಟ್ಟಿಗಳನ್ನು ಕಚೇರಿಗೆ ಒಪ್ಪಿಸಬೇಕೆಂಬ ಸಾಲು. ನಾಲ್ಕನೆಯದರಲ್ಲಿ, ಸಣ್ಣ ಅಕ್ಷರದಲ್ಲಿ, ‘ಅಗತ್ಯಕ್ಕೆ ತಕ್ಕಂತೆ ವರ್ಚುವಲ್ ಸ್ಕ್ರೈಬ್ ಕೆಲಸಕ್ಕೆ ನಿಯೋಜಿಸಲಾಗುವುದು’. ಅಂದರೆ ಅಮೆರಿಕದ ಡಾಕ್ಟರು ರೋಗಿಯೊಡನೆ ಮಾತಾಡುತ್ತಿರುವಾಗಲೇ ಇಲ್ಲಿ ಕೂತು ಕೇಳಿ ಬರೆಯುವುದು. ಅವರ ಹಗಲು ನಮ್ಮ ರಾತ್ರಿ; ಈ ಕೆಲಸದಲ್ಲಿ ಹಗಲು ಪಾಳಿ ಕೇಳುವಂತೆಯೇ ಇಲ್ಲ. ಅದೂ ಸಾಲದೆಂಬಂತೆ, ಕೋಣೆಯ ಮಾತನ್ನು ತಾನೇ ಕೇಳಿ ವರದಿ ಬರೆಯುವ ಯಂತ್ರ ಈಗಾಗಲೇ ಮಾರುಕಟ್ಟೆಯಲ್ಲಿದೆ. ಎರಡು ವರ್ಷದ ಬಾಂಡ್ ಹುಡುಗಿಯ ಮೇಲೆ. ಎರಡು ವರ್ಷ ಕೆಲಸ ಇರುತ್ತದೆಂಬ ಬಾಂಡ್ ಕಂಪನಿಯ ಮೇಲೆ ಎಲ್ಲೂ ಇಲ್ಲ.

ನಮ್ಮ ಪಾಸ್‌ಪೋರ್ಟನ್ನು ಅಲ್ಲಿ ಮಾಲಿಕ ಇಟ್ಟುಕೊಂಡರೆ ಶೋಷಣೆ ಎನ್ನುತ್ತೇವೆ. ಇಲ್ಲಿ ಅಂಕಪಟ್ಟಿ ಇಟ್ಟುಕೊಂಡರೆ ಪದ್ಧತಿ ಎನ್ನಬೇಕೆ? ಕೆಲಸ ಕೊಡುವವನು ಕೂಲಿ ಕೊಡಬೇಕು. ಕೂಲಿಯವಳಿಂದ ಮೊದಲು ಹಣ ಕೇಳುವವನ ವ್ಯಾಪಾರ ತರಬೇತಿಯದೇ ಹೊರತು ಟ್ರಾನ್ಸ್‌ಕ್ರಿಪ್ಶನ್ನಿನದಲ್ಲ. ಆ ಕಾಲದ ಹಳದಿ ಕಾಗದದ ಕೇಂದ್ರಗಳಲ್ಲಿ ಎಷ್ಟೋ ಜನ ಶುಲ್ಕ ಕಟ್ಟಿ, ಪ್ರಮಾಣಪತ್ರ ಹಿಡಿದು, ಬರಿಗೈಯಲ್ಲಿ ವಾಪಸಾದದ್ದನ್ನು ನಮ್ಮ ಊರು ಕಂಡಿದೆ. ಅದೇ ಬಲೆಗೆ ಈಗ ಹೊಸ ಹೆಸರು.

ಇದೆಲ್ಲದರ ನಡುವೆ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ ಇದೆ. ಅಂಕೋಲೆಯ ಹುಡುಗಿ ಐನೂರು ಕಿಲೋಮೀಟರಿನಷ್ಟು ದೂರ ಹೋಗಿ ಅಮೆರಿಕದ ರೋಗಿಯ ಎದೆನೋವಿನ ವರದಿ ಬರೆಯಬೇಕು. ಅಂಕೋಲೆಯಲ್ಲಿ ಅವಳ ಅಬ್ಬಾಗೇ ಎದೆನೋವು ಬಂದರೆ? ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೆ ಗೋವಾದ ಬಾಂಬೋಳಿ. ಗೋವಾ ಸರ್ಕಾರ 2018ರ ಜನವರಿಯಲ್ಲಿ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕಿದಾಗ ಕಾರವಾರದ ಬಡವರಿಗೆ ಕೈಕಾಲು ಬಿದ್ದಂತಾಯಿತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು 2016ರಲ್ಲಿ ಶುರುವಾದದ್ದು ನಿಜ. ಆದರೂ 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆ ಒಯ್ಯುತ್ತಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರಿನ ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದು ಜಿಲ್ಲೆಯ ಜನ ಸಿಡಿದೆದ್ದದ್ದು ಆಗ. ಎರಡು ವರ್ಷದ ನಂತರ, 2024ರ ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಅದಾಗಿ ತಿಂಗಳು ಕಳೆಯುವ ಮೊದಲೇ, ಆಗಸ್ಟ್ 7ರಂದು, ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ನಮ್ಮ ರೋಗಿ ಹೊರಡುವ ದಾರಿಗಳು ಇವೇ.

ಈ ನೆಲ ದೇಶಕ್ಕೆ ಕೊಟ್ಟದ್ದು ಕಡಿಮೆಯೇ? 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಎದ್ದ ಅಂಕೋಲೆ ಇದು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಕಾರವಾರ, ಅಂಕೋಲಾ ತಾಲೂಕುಗಳ ಕಡಲತಡಿಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಕೈಗಾ 2000ದಿಂದ ವಿದ್ಯುತ್ತು ಕೊಡುತ್ತಿದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾತ್ರ ದಶಕಗಳಿಂದ ಕಾಗದದ ಮೇಲೆಯೇ ಓಡುತ್ತಿದೆ. ನೌಕಾನೆಲೆ ಬಂತು, ಅಣುಸ್ಥಾವರ ಬಂತು; ಬಿ.ಎಸ್ಸಿ. ಆದ ಹುಡುಗಿಗೆ ತನ್ನೂರಲ್ಲಿ ಒಂದು ಕೆಲಸ ಬರಲಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಗೆ ಶಾಲೆಗಳನ್ನು ಕೊಟ್ಟರು. ಅಲ್ಲಿ ಓದಿದ ಮಕ್ಕಳು ಓದು ಮುಗಿದ ಮರುದಿನವೇ ಬಸ್ ಹತ್ತುತ್ತಾರೆ.

ಆದ್ದರಿಂದ ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟು. ಈ ಕೆಲಸಕ್ಕಾಗಿ, ಈ ಕಾಗದದ ಮೇಲೆ, ಊರು ಬಿಡಬೇಡ. ರಾತ್ರಿಯೆಂದಲ್ಲ, ಬೆಂಗಳೂರೆಂದಲ್ಲ. ನಿನ್ನ ಹಣ, ನಿನ್ನ ಅಂಕಪಟ್ಟಿ, ನಿನ್ನ ಎರಡು ವರ್ಷ ಇಟ್ಟುಕೊಂಡು, ಮುಳುಗುತ್ತಿರುವ ದೋಣಿಯಲ್ಲಿ ಸೀಟು ಕೊಡುತ್ತಿದ್ದಾರೆ ಎಂಬುದಕ್ಕಾಗಿ. ಕಿವಿ, ಇಂಗ್ಲಿಷು, ವೈದ್ಯಕೀಯದ ಮೇಲೆ ಆಸೆ ಇದ್ದರೆ ಅದನ್ನು ಉಳಿಯುವ ಕಸುಬಿಗೆ ಹಾಕು. ನಮ್ಮ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನಲ್ಲಿ ವೈದ್ಯಕೀಯ ದಾಖಲೆಗಳ ಡಿಪ್ಲೊಮಾ ಇದೆ. 2021ರಿಂದ ನಮ್ಮದೇ ಆಸ್ಪತ್ರೆಗಳ ದಾಖಲೆಗಳನ್ನು ಡಿಜಿಟಲ್ ಮಾಡುವ ಕೇಂದ್ರದ ಯೋಜನೆ ನಡೆದಿದೆ. ಕೊಂಕಣಿಯಲ್ಲಿ ನೋವು ಹೇಳುವ ಮೀನುಗಾರ್ತಿ, ಹಾಲಕ್ಕಿ ಮಾತಿನ ಅಜ್ಜಿ, ದಖನಿ ಮಾತ್ರ ಬರುವ ನಿನ್ನ ನಾನಿ, ಇವರ ಮಾತು ಡಾಕ್ಟರಿಗೆ ಅರ್ಥವಾಗುವುದಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ ಇವರಿಗೆ ಅರ್ಥವಾಗುವುದಿಲ್ಲ. ನಾಲ್ಕು ಭಾಷೆಯ ಕಿವಿಗೆ ಅಲ್ಲಿ ಕೆಲಸವಿದೆ. ಯಂತ್ರ ಅಷ್ಟು ಬೇಗ ಹಾಲಕ್ಕಿ ಮಾತು ಕಲಿಯಲಾರದು. ಆ ಓದಿಗೂ ಊರು ಬಿಡಬೇಕಾಗಬಹುದು. ಆಗ ಬಿಡು. ಹಿಂದಿರುಗಿ ಬರಲು ಒಂದು ಕಸುಬು ಕೈಯಲ್ಲಿರುತ್ತದೆ.

‘ಖಾಲಾ, ಇದನ್ನೂ ನೀವೇ ತೀರ್ಮಾನ ಮಾಡಿಬಿಟ್ಟಿರಲ್ಲ’ ಎಂದಳು ಅವಳು.

ನಾನು ಬೆಪ್ಪಾದೆ. ಅವಳ ಮಾತು ನೂರಕ್ಕೆ ನೂರು ಸರಿ. ಇಪ್ಪತ್ತು ವರ್ಷ ಆ ಸಭೆಯನ್ನು ಬೈದವಳು ನಾನೇ ಇನ್ನೊಂದು ಸಭೆಯಾಗಿಬಿಟ್ಟಿದ್ದೆ. ನನ್ನ ಅಭಿಪ್ರಾಯ ಹಿಂತೆಗೆದುಕೊಳ್ಳುವುದಿಲ್ಲ. ಅದು ಅಭಿಪ್ರಾಯ ಮಾತ್ರ ಎಂದು ಒಪ್ಪಿಕೊಂಡೆ. ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳೇ ಕೂತು ಓದಿದಳು. ಐದು ಪ್ರಶ್ನೆ ಬರೆದು ಕಂಪನಿಗೆ ಕಳಿಸಿದಳು: ಶುಲ್ಕ ಏಕೆ? ಅಂಕಪಟ್ಟಿಯ ಪ್ರತಿ ಕೊಟ್ಟರೆ ಸಾಲದೆ? ಪಾಳಿ ಯಾವುದು? ಸಂಬಳ ತಿಂಗಳಿಗೋ ಸಾಲಿಗೋ? ಎರಡು ವರ್ಷದೊಳಗೆ ನೀವೇ ಕೆಲಸ ತೆಗೆದರೆ ನನಗೆ ಏನು ಕೊಡುತ್ತೀರಿ?

ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಬಂದರೆ ಅವಳು ಓದುತ್ತಾಳೆ, ಅವಳು ನಿರ್ಧರಿಸುತ್ತಾಳೆ. ಹೋಗುತ್ತೇನೆಂದರೆ ಬಸ್ ಸ್ಟ್ಯಾಂಡಿಗೆ ಬಿಡಲು ನಾನು ಹೋಗುತ್ತೇನೆ. ಹಿರಿಯರಿಗೆ ನನ್ನ ಬಿನ್ನಹ ಒಂದೇ. ಮತ್ತೆ ಸಭೆ ಸೇರುವುದಾದರೆ ಸೇರಿ. ಆದರೆ ಅವಳು ಹೊರಗೆ ನಿಮ್ಮ ನಡುವೆ ಕೂತಿರಲಿ, ಕಾಗದ ಅವಳ ಕೈಯಲ್ಲಿರಲಿ. ಚಹಾ ನಿಮ್ಮಲ್ಲೇ ಯಾರಾದರೂ ಸೋಸಿಕೊಳ್ಳಿ.